ಹಳೆಯ ಫ್ಲಾಪಿಯಲ್ಲಿ ನನಗಿನ್ನೂ ಮದುವೆಯಾಗಿಲ್ಲ

ಕಿರಿಮಂಜೇಶ್ವರ
9 ಜೂನ್ 2004, ಬುಧವಾರ

ಹೆಮ್ಮಾಡಿಯ ಜಾತಕ ಕೇಂದ್ರದ ಯಜಮಾನರಾದ ರವಿಚಂದ್ರ ಅವರಿಗೆ,

ತವರುಮನೆಯಿಂದ ನಿಮ್ಮ ಹೆಂಡತಿ ಸುಗುಣ ಬರೆಯುವುದು. ಹೆಂಡತಿ ಅಂತ ಬರೆಯುವಾಗ ಪೆನ್ನು ಸ್ವಲ್ಪ ತಡೆಯಿತು, ಯಾಕೆ ಅಂತ ಮುಂದೆ ತಿಳಿಯುತ್ತದೆ. ನಾನು ಚೆನ್ನಾಗಿದ್ದೇನೆ. ಹೊಟ್ಟೆ ತುಂಬ ಉಣ್ಣುತ್ತೇನೆ, ಕಣ್ತುಂಬ ನಿದ್ದೆ ಮಾಡುತ್ತೇನೆ. ನಿಮ್ಮ ಕ್ಷೇಮ ಕೇಳುವುದಿಲ್ಲ. ಅದನ್ನು ಊರಿನವರೆಲ್ಲ ಬಂದು ಹೇಳಿ ಹೋಗಿದ್ದಾರೆ.

ನಿಮ್ಮ ಪತ್ರ ಸೋಮವಾರ ತಲುಪಿತು. ಮೂರು ವರ್ಷದ ಸಂಸಾರದಲ್ಲಿ ನೀವು ನನಗೆ ಬರೆದ ಮೊದಲನೇ ಪತ್ರ. ಸಿಡಿಲಿಗೆ ಇಲ್ಲಿಯ ಫೋನು ಸತ್ತದ್ದು ಒಳ್ಳೆಯದೇ ಆಯಿತು ಅಂದುಕೊಂಡು ಒಡೆದೆ. ಒಳಗೆ ನಾಲ್ಕೇ ಸಾಲು. ಸಿಡಿಲು ಬಡಿದು ಹಾರ್ಡ್ ಡಿಸ್ಕ್ ಹೋಯಿತು. ಕುಂದಾಪುರದ ಮೆಕ್ಯಾನಿಕ್ ಹೊಸದು ಹಾಕಿದ. ಅಟ್ಟದ ಮೇಲಿದ್ದ ಹಳೆಯ ಫ್ಲಾಪಿಗಳಿಂದ ಜಾತಕಗಳನ್ನೆಲ್ಲ ತುಂಬಿಸಿದೆ. ಈಚಿನದ್ದು ಇರುವ ಸಿಡಿ ನಿನ್ನ ಹತ್ತಿರ ಇದ್ದರೆ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಟ್ಟು ಕಳಿಸು. ಮುಗಿಯಿತು. ಕಾಗದವನ್ನು ತಿರುಗಿಸಿ ಹಿಂದೆಯೂ ನೋಡಿದೆ, ಅಲ್ಲಿ ಏನೂ ಇರಲಿಲ್ಲ. ಸಿಡಿ ಬಸ್ಸಿನಲ್ಲಿ ಬರಬೇಕು. ಸುಗುಣ ಬರಬೇಕೋ ಬೇಡವೋ, ಅದರ ಸುದ್ದಿಯೇ ಇಲ್ಲ.

ಸಿಡಿ ಇದೆ. ಎಲ್ಲಿದೆ ಅಂತ ಹೇಳುವುದಿಲ್ಲ.

ಮೊದಲು ನಾನು ಯಾಕೆ ಮನೆ ಬಿಟ್ಟೆ ಅಂತ ನಿಮಗೆ ನೆನಪು ಮಾಡುತ್ತೇನೆ, ನಿಮ್ಮ ನೆನಪು ಹೇಗೂ ಸುಟ್ಟು ಕೂತಿದೆ. ಶನಿವಾರ ಶನಿವಾರ ನಾನು ಕಂಪ್ಯೂಟರ್ ಮುಂದೆ ಕೂತು ಎಲ್ಲ ಜಾತಕಗಳನ್ನು ಸಿಡಿಗೆ ಪ್ರತಿ ಮಾಡುತ್ತಿದ್ದೆ. ಅಷ್ಟು ಹೊತ್ತು ಕೇಂದ್ರದ ಕೆಲಸ ನಿಲ್ಲುತ್ತದೆ ಅಂತ ನಿಮಗೆ ಕಿರಿಕಿರಿ. ಸಾಲದ್ದಕ್ಕೆ ನಾನು ಮೇಜಿನ ಖಾನೆಯಲ್ಲಿಟ್ಟಿದ್ದ ಪ್ರತಿಯನ್ನು ನೀವು ಅಳಿಸಿ, ಅದರ ಮೇಲೆ ನಾವುಂದದ ವಾಲಿಬಾಲ್ ಪಂದ್ಯದ ವಿಡಿಯೊ ತುಂಬಿಸಿದಿರಿ. ಅದರಲ್ಲಿ ನೀವು ಆಡಿದ್ದು ಎರಡು ಸಲ, ಬಿದ್ದದ್ದು ಮೂರು ಸಲ. ಕೇಳಿದ್ದಕ್ಕೆ ಹೆಣ್ಣಿನ ಕಡೆಯವರು, ಗಂಡಿನ ಕಡೆಯವರು ಎಲ್ಲ ಜಗಲಿಯಲ್ಲಿ ಕೂತಿರುವಾಗಲೇ ಹೇಳಿದಿರಿ: "ಕಂಪ್ಯೂಟರ್ ಅಂದ್ರ್ ಎಂತ ಉಪ್ಪಿನಕಾಯಿ ಭರಣಿಯಾ, ವರ್ಷಕ್ಕಾಪಷ್ಟ್ ಹಾಕಿ ಬಾಯಿ ಕಟ್ಟಿಡುಕೆ?" ಅಷ್ಟು ಜನರೂ ನಕ್ಕರು. ನಿಮ್ಮ ನಗೆ ಎಲ್ಲರಿಗಿಂತ ದೊಡ್ಡದಿತ್ತು. ಆ ಜಾತಕಗಳಲ್ಲಿ ಅರ್ಧಕ್ಕಿಂತ ಹೆಚ್ಚು ನಾನೇ ಟೈಪ್ ಮಾಡಿದ್ದು ಅಂತ ಅವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ನೀವು ಹೇಳಿದ್ದರಲ್ಲವೇ ಗೊತ್ತಾಗುವುದು. ನನಗೆ ತುಂಬ ಅವಮಾನವಾಯಿತು. ಸಂಜೆಯ ಬಸ್ಸಿಗೆ ಹೊರಟೆ.

ಇನ್ನು ಮೊನ್ನೆ ಭಾನುವಾರದ ಕಥೆ ಕೇಳಿ.

ಬೆಳಿಗ್ಗೆ ಮಳೆ ಸ್ವಲ್ಪ ಬಿಟ್ಟಿತ್ತು. ಮಳೆಗಾಲಕ್ಕೆ ದೋಣಿಯನ್ನು ದಡಕ್ಕೆ ಹತ್ತಿಸಿದ್ದರಿಂದ ಅಪ್ಪಯ್ಯ ಮನೆಯಲ್ಲೇ ಇದ್ದರು. ಬಾಗಿಲಿಗೆ ಒಂದು ಓಮ್ನಿ ಬಂದು ನಿಂತಿತು. ಬ್ರಹ್ಮಾವರದವರಂತೆ. ಸೀತಮ್ಮ ಅಂತ ಒಬ್ಬರು ಹಿರಿಯ ಹೆಂಗಸು, ಅವರ ತಂಗಿಯ ಮಗ ಅಶೋಕ, ಜೊತೆಗೆ ಇಬ್ಬರು ಗಂಡಸರು. ಹೆಮ್ಮಾಡಿಯ ಕೇಂದ್ರದಿಂದ ವಿಳಾಸ ತೆಗೆದುಕೊಂಡು ಬಂದದ್ದು ಅಂದರು. ಅಷ್ಟು ಕೇಳಿದ್ದೇ ಅಮ್ಮನ ಮುಖ ಅರಳಿತು. ಅಳಿಯ ಕಡೆಗೂ ರಾಜಿಗೆ ಜನ ಕಳಿಸಿದ್ದಾನೆ ಅಂತ ಅವಳು ಲೆಕ್ಕ ಹಾಕಿದಳು. ನಾನೂ ಹಾಗೇ ತಿಳಿದೆ, ಸುಳ್ಳು ಯಾಕೆ ಹೇಳಲಿ. ಒಳಗೆ ಹೋಗಿ ಸೀರೆ ಬದಲಾಯಿಸಿದೆ.

ಹೊರಗೆ ಮಾತು ಶುರುವಾಯಿತು. ಹುಡುಗಿಗೆ ಮನಸ್ಸಿದೆಯೋ ಅಂತ ಸೀತಮ್ಮ ಕೇಳಿದರು. ಮನಸ್ಸಿಗೆ ಏನು ಕೊರತೆ, ಮರ್ಯಾದೆಯಿಂದ ಕರೆದರೆ ಇವತ್ತೇ ಹೊರಡುತ್ತಾಳೆ ಅಂತ ಅಮ್ಮ. ಇಷ್ಟು ಬೇಗ ಯಾರೂ ಹೆಣ್ಣು ಕೊಟ್ಟದ್ದನ್ನು ಅವರು ಕಂಡಿರಲಿಲ್ಲ ಅಂತ ಕಾಣುತ್ತದೆ, ಜೊತೆಗಿದ್ದ ಗಂಡಸರ ಮುಖ ನೋಡಿದರು. ಅಮ್ಮ ಬಿಡಬೇಕಲ್ಲ. "ಹಿಂದ್ ಆದ್ದೆಲ್ಲ ಮರ್ತ್ ಕರ್ಕಂಡ್ ಹೋಯ್ನಿ. ನಮ್ ಹೆಣ್ಣ್ ಮನ್ಸಂಗೆ ಎಂತದೂ ಇಟ್ಕಂಬುದಿಲ್ಲೆ" ಅಂದಳು. ಸೀತಮ್ಮ ನೆಟ್ಟಗೆ ಕೂತರು. "ಹಿಂದ್ ಆದ್ದ್ ಅಂದ್ರ್ ಎಂತದ್?" ಅಮ್ಮ ನಕ್ಕು, ಮೂರು ವರ್ಷದ ಸಂಸಾರ ಅಂದ ಮೇಲೆ ಒಂದು ಮಾತು ಬರುತ್ತದೆ, ಹೋಗುತ್ತದೆ ಅಂದಳು.

ಅದೇ ಹೊತ್ತಿಗೆ ನಾನು ಅವಲಕ್ಕಿ ತಟ್ಟೆ ಹಿಡಿದು ಹೊರಗೆ ಬಂದೆ. ಸೀತಮ್ಮನ ಕಣ್ಣು ತಟ್ಟೆಯ ಮೇಲೆ ನಿಲ್ಲಲಿಲ್ಲ. "ಹ್ವಾಯ್, ಹೆಣ್ಣಿನ್ ಕುತ್ತಿಗೆಯಂಗ್ ಕರಿಮಣಿ ಇತ್ತಲೆ" ಅಂದರು.

ಆಮೇಲೆ ಆದದ್ದನ್ನು ಬರೆಯುವುದಕ್ಕೆ ನಾಚಿಕೆಯಾಗುತ್ತದೆ. ಅವರು ಚೀಲದಿಂದ ನಿಮ್ಮ ಕೇಂದ್ರದ ಹಾಳೆ ತೆಗೆದರು. ಮೇಲೆ ನಿಮ್ಮ ಮೊಹರು. ವಧು ಸುಗುಣ, ಅವಿವಾಹಿತೆ. ಕುಲದ ಬಳಿ ಬೇರೆ, ಆದ್ದರಿಂದ ಸಂಬಂಧಕ್ಕೆ ಅಡ್ಡಿಯಿಲ್ಲ. ಸಾಲಾವಳಿ ಮೂವತ್ತಾರರಲ್ಲಿ ಮೂವತ್ತೊಂದು, ಅತ್ಯುತ್ತಮ. ಯಾರು ಕೊಟ್ಟದ್ದು ಅಂತ ಅಪ್ಪಯ್ಯ ಕೇಳಿದರು. ಯಜಮಾನರೇ ಕೈಯಾರೆ ಕೊಟ್ಟದ್ದು ಅಂದರು. ಜಗಳ ಆಡಿ ತವರಿಗೆ ಬಂದರೆ ಗಂಡ ಕರೆಯಲು ಬರುವುದು ತಡವಾಗಬಹುದು, ಬೇರೆ ಗಂಡು ಹುಡುಕಿ ಕಳಿಸುತ್ತಾನೆ ಅಂತ ಯಾವ ಹೆಂಗಸು ಎಣಿಸುತ್ತಾಳೆ? ಒಳಗೆ ಹೋಗಿ ಅತ್ತೆ. ಬಾಗಿಲು ಹಾಕಿ ಅತ್ತೆ, ಯಾಕೆಂದರೆ ಹೊರಗೆ ಅಮ್ಮ ಅದಕ್ಕಿಂತ ದೊಡ್ಡದಾಗಿ ಅಳುತ್ತಿದ್ದಳು.

ಆ ಅಶೋಕ ಒಳ್ಳೆಯವನು. ಮಲ್ಪೆಯ ಐಸ್ ಪ್ಲಾಂಟಿನಲ್ಲಿ ಮ್ಯಾನೇಜರ್ ಅಂತೆ. "ತಪ್ಪ್ ನಿಮ್ದಲ್ಲ, ಪಟ್ಟಿಯದ್ದ್. ಬೇಜಾರ್ ಮಾಡ್ಕಣ್ಬೇಡಿ" ಅಂತ ಅಮ್ಮನನ್ನು ಸಮಾಧಾನ ಮಾಡಿದ. ಹಾಕಿದ್ದನ್ನು ಪೂರ್ತಿ ತಿಂದ. ತಟ್ಟೆಯನ್ನೂ ಲೋಟವನ್ನೂ ತಾನೇ ಬಾವಿಕಟ್ಟೆಗೆ ಒಯ್ದು ತೊಳೆದು ಇಟ್ಟ. ಇದನ್ನು ಬರೆಯುವ ಅಗತ್ಯವೇನೂ ಇರಲಿಲ್ಲ. ಆದರೂ ಬರೆದೆ.

ಅವರು ಹೋದ ಮೇಲೆ ಇಡೀ ದಿನ ನಾನು ನಿಮ್ಮನ್ನು ಬೈದದ್ದಕ್ಕೆ ಲೆಕ್ಕವಿಲ್ಲ. ಮರುದಿನ ನಿಮ್ಮ ಪತ್ರ ಬಂದು ಹಳೆಯ ಫ್ಲಾಪಿ ಅನ್ನುವ ಮಾತು ಓದಿದಾಗ ತಲೆಗೆ ಹೊಳೆಯಿತು. ಆ ಫ್ಲಾಪಿಗಳು ನಮ್ಮ ಮದುವೆಗಿಂತ ಹಿಂದಿನವು. ಅವುಗಳ ಪ್ರಕಾರ ಈ ಜಿಲ್ಲೆಯಲ್ಲಿ ನಾಲ್ಕು ವರ್ಷದಿಂದ ಯಾರಿಗೂ ಮದುವೆಯಾಗಿಲ್ಲ. ಹುಟ್ಟಿದ ತಾರೀಕು ನೋಡಿ ವಯಸ್ಸನ್ನು ಮಾತ್ರ ಕಂಪ್ಯೂಟರ್ ಸರಿಯಾಗಿ ಏರಿಸಿದೆ. ಉಳಿದದ್ದೆಲ್ಲ ಇದ್ದಲ್ಲೇ ಇದೆ. ನೀವು ತೆರೆದು ನೋಡಿದಿರಾ? ಇಲ್ಲ. ತಿಂಗಳ ಪಟ್ಟಿ ಅಂತ ಪ್ರಿಂಟ್ ಒತ್ತಿದಿರಿ, ಮೊಹರು ಗುದ್ದಿದಿರಿ, ಬಂದವರಿಗೆ ಕೊಟ್ಟಿರಿ, ಬಾರದವರಿಗೆ ಅಂಚೆಗೆ ಹಾಕಿದಿರಿ. ಪ್ರತಿ ತೆಗೆದಿಟ್ಟರೆ ಸಾಲುವುದಿಲ್ಲ, ಅದು ಯಾವಾಗಿನದ್ದು ಅಂತ ನೋಡಬೇಕು, ತೆರೆದು ಓದಲು ಬರುತ್ತದೋ ಅಂತ ನೋಡಬೇಕು, ಒಂದನ್ನು ಕಂಪ್ಯೂಟರಿನಿಂದ ದೂರ ಇಡಬೇಕು ಅಂತ ನಾನು ಬಾಯಿ ಬಡಿದುಕೊಂಡದ್ದು ಇದಕ್ಕೇ. ಗುಡುಗು ಬಂದಾಗ ಪ್ಲಗ್ ಕೀಳಿ ಅಂತಲೂ ಹೇಳಿದ್ದೆ. ಅದನ್ನು ಈಗ ಎತ್ತುವುದಿಲ್ಲ.

ನಿನ್ನೆ ನಿಮ್ಮ ಅಕ್ಕ ಕಮಲ ನಾವುಂದದಿಂದ ಬಂದಿದ್ದರು. ಕೇಂದ್ರದ ವರ್ತಮಾನವನ್ನೆಲ್ಲ ಹೊತ್ತು ತಂದಿದ್ದರು. ಅವರ ನೆರೆಮನೆಯ ಸ್ವಾತಿಗೆ ಒಂದೇ ವಾರದಲ್ಲಿ ಎರಡು ಸಂಬಂಧ ಬಂದಿದೆ. ಅವಳ ಎರಡನೇ ಮಗುವಿಗೆ ಹಲ್ಲು ಬರುತ್ತಿದೆ. ಅವಳ ಗಂಡ ನಿಮ್ಮನ್ನು ಹುಡುಕಿಕೊಂಡು ಹೆಮ್ಮಾಡಿಗೆ ಬಂದಾಗ ನೀವು ಹಿಂಬಾಗಿಲಿನಿಂದ ತೋಟಕ್ಕೆ ಹಾರಿದಿರಂತೆ. ಇನ್ನೆಲ್ಲಿಯೋ ಒಬ್ಬಳು ಗಂಡನ ಹೆಸರಿಗೆ ಬಂದ ವಧುಗಳ ಪಟ್ಟಿ ಓದಿ ಅವನಿಗೆ ಮೂರು ದಿನ ಅನ್ನ ಹಾಕಲಿಲ್ಲವಂತೆ. ಹೀಗೇ ಹೋದರೆ ಕೇಂದ್ರಕ್ಕೆ ಬೀಗ ಹಾಕಬೇಕಾಗುತ್ತದೆ ಅಂತ ಕಮಲಕ್ಕ ಕಣ್ಣೊರೆಸಿಕೊಂಡರು, ಆಮೇಲೆ ನಕ್ಕರು, ಮತ್ತೆ ಕಣ್ಣೊರೆಸಿಕೊಂಡರು.

ಎಲ್ಲಕ್ಕಿಂತ ದೊಡ್ಡ ಸುದ್ದಿ ಇನ್ನೊಂದು. ತ್ರಾಸಿಯಿಂದ ಒಬ್ಬರು ಮಗಳ ಸಂಬಂಧಕ್ಕಾಗಿ ನಿಮ್ಮನ್ನೇ ನೋಡಲು ಬಂದರಂತೆ. ಪಟ್ಟಿಯಲ್ಲಿ ನಿಮಗೂ ಮದುವೆಯಾಗಿಲ್ಲವಲ್ಲ. ನೀವು ಬನಿಯನ್ನಿನಲ್ಲಿ ನಿಂತು ಹೇಳಿದಿರಂತೆ: "ನಂಗ್ ಮದಿ ಆಯಿತ್ ಮರಾಯ್ರೆ. ಹೆಂಡ್ತಿ ಕಿರಿಮಂಜೇಶ್ವರದಂಗ್ ಇದ್ಲ್." ಅವರು ಪಾಪ ಸಹಜವಾಗಿ, "ಹಂಗಾರೆ ಯಾವಾಗ ಬತ್ಲ್?" ಅಂತ ಕೇಳಿದರಂತೆ. ಅದಕ್ಕೆ ನೀವು ಒಳಗೆ ಹೋಗಿ, ಬಹಳ ಹೊತ್ತು ಹೊರಗೆ ಬರಲಿಲ್ಲವಂತೆ. ಕಮಲಕ್ಕ ಇದನ್ನು ಹೇಳುವಾಗ ನಾನು ಎದ್ದು ಒಲೆಯ ಹತ್ತಿರ ಹೋದೆ. ಹೊಗೆ ಜಾಸ್ತಿ ಇತ್ತು.

ಕಮಲಕ್ಕ ಹೊರಡುವ ಹೊತ್ತಿಗೆ ಅಂಚೆಯವರು ಬಂದರು. ನಿಮ್ಮ ಕೇಂದ್ರದ ಲಕೋಟೆ, ಅಪ್ಪಯ್ಯನ ಹೆಸರಿಗೆ. ನಿಮ್ಮ ಮಗಳು ಸುಗುಣಳಿಗೆ ವರರು, ಸಾಲಾವಳಿಯ ಕ್ರಮದಲ್ಲಿ ಅಂತ. ಒಂಬತ್ತು ಜನ. ಅಮ್ಮನಿಗೆ ಆಗಲೇ ಅಳು ಮುಗಿದು ತಮಾಷೆ ಹತ್ತಿತ್ತು. "ಮೇಲಿನದ್ದೇ ಒಳ್ಳೇದಿತ್ ಕಾಣ್, ಸ್ವಂತ ದೋಣಿ ಇತ್ತಂಬ್ರ್" ಅಂತ ನನ್ನ ಮುಂದೆ ಹಿಡಿದಳು. ಅಪ್ಪಯ್ಯ ಮಾತ್ರ ಕೊನೆಯ ಸಾಲಿನಲ್ಲಿ ಬೆರಳಿಟ್ಟು ಕೂತಿದ್ದರು. ಒಂಬತ್ತನೆಯವರು ಹೆಮ್ಮಾಡಿಯ ರವಿಚಂದ್ರ. ಸಾಲಾವಳಿ ಹದಿನೇಳು. ಹೊಂದುವುದಿಲ್ಲ.

ಹದಿನೆಂಟಾದರೂ ಬೇಕು ಅನ್ನುವುದು ನಿಮ್ಮ ಕೇಂದ್ರದ ಗೋಡೆಯ ಮೇಲೇ ಬರೆದಿದೆ. ಆದರೆ ನಮ್ಮ ಮಾತುಕತೆಯ ಕಾಲದಲ್ಲಿ ಅಪ್ಪಯ್ಯನಿಗೆ ನೀವು ಕೊಟ್ಟದ್ದು ಇಪ್ಪತ್ತೇಳು. ಕಂಪ್ಯೂಟರ್ ಲೆಕ್ಕ, ತಪ್ಪುವುದೇ ಇಲ್ಲ ಅಂತ ಅವರ ಕೈ ಹಿಡಿದು ಹೇಳಿದ್ದಿರಂತೆ. ಅದಕ್ಕೂ ಮೊದಲು ಒಂದು ವರ್ಷ ನನ್ನ ಜಾತಕ ಕೇಳಿ ಬಂದವರಿಗೆಲ್ಲ, ಆ ಹುಡುಗಿಗೆ ಎಲ್ಲಿಯೋ ಮಾತಾಗಿದೆ ಅಂತ ಹೇಳಿ ಕಳಿಸಿದ್ದಿರಿ ಅಂತ ನನಗೆ ಮೊದಲೇ ಗೊತ್ತಿತ್ತು. ಈ ಹತ್ತು ಅಂಕದ ಕಳ್ಳತನ ಗೊತ್ತಿರಲಿಲ್ಲ.

ಅಪ್ಪಯ್ಯ ಕನ್ನಡಕ ತೆಗೆದರು. "ಹದಿನೇಳಕ್ಕ್ ನಾನ್ ಹೆಣ್ಣ್ ಕೊಡ್ತಿರ್ಲಿಲ್ಲೆ" ಅಂದರು. ಅದನ್ನು ಒರೆಸಿ ಮತ್ತೆ ಹಾಕಿಕೊಂಡು, "ಮಾಣಿ ಸಾಮಾನ್ಯದವ ಅಲ್ಲ" ಅಂದರು. ಅದು ಅಳಿಯನಿಗೆ ಬೈಗುಳವೋ ಹೊಗಳಿಕೆಯೋ ಅವರನ್ನೇ ಕೇಳಬೇಕು.

ನನಗೆ ಸಿಟ್ಟು ಬರಬೇಕಿತ್ತು. ಬಂದದ್ದು ಬೇರೆ. ಊರಿಗೆಲ್ಲ ಅಂಕ ನೋಡಿ ಮದುವೆ ಕೂಡಿಸುವ ಮನುಷ್ಯ, ತನ್ನ ಸರದಿ ಬಂದಾಗ ಅಂಕವನ್ನು ಬದಿಗಿಟ್ಟು ಸುಳ್ಳು ಹೇಳಿದ್ದಾನೆ. ನನಗೋಸ್ಕರ. ಅಷ್ಟು ಬೇಕಾಗಿದ್ದವಳನ್ನು ಹತ್ತು ಜನರ ಮುಂದೆ ನಗೆಪಾಟಲು ಮಾಡಲು ನಿಮಗೆ ಹೇಗೆ ಮನಸ್ಸು ಬಂತು? ಇದನ್ನು ಯೋಚಿಸಿ ಯೋಚಿಸಿ ನಿನ್ನೆ ಊಟ ಸೇರಲಿಲ್ಲ. ಮೇಲೆ ಹೊಟ್ಟೆ ತುಂಬ ಉಣ್ಣುತ್ತೇನೆ ಅಂತ ಬರೆದದ್ದನ್ನು ಹೊಡೆದು ಹಾಕಬೇಕಿತ್ತು, ಇರಲಿ ಬಿಡಿ.

ಪಟ್ಟಿ ಬಂದ ಮೇಲೆ ಹೆಣ್ಣಿನ ಕಡೆಯವರು ಒಪ್ಪಿದ ಹೆಸರಿಗೆ ಶಾಯಿಯಲ್ಲಿ ಗುರುತು ಹಾಕಿ ಕೇಂದ್ರಕ್ಕೆ ಮರಳಿಸಬೇಕು ಅನ್ನುವುದು ನಿಮ್ಮದೇ ಕ್ರಮ. ಹಾಕಿದ್ದೇನೆ, ಹಾಳೆ ಇದರ ಜೊತೆಗಿದೆ. ಒಂಬತ್ತನೆಯ ಹೆಸರಿಗೆ. ಬರುವ ಭಾನುವಾರ ಹುಡುಗ ಕಮಲಕ್ಕನನ್ನು ಕರೆದುಕೊಂಡು ಹೆಣ್ಣು ನೋಡಲು ಬರಬಹುದು. ಇಸ್ತ್ರಿ ಮಾಡಿದ ಅಂಗಿ ಹಾಕಲಿ. ಹುಡುಗಿ ಅವಲಕ್ಕಿ ತರುತ್ತಾಳೆ, ಹಾಡು ಗೀಡು ಹೇಳುವುದಿಲ್ಲ. ಹುಡುಗನಿಗೆ ಕೇಳುವುದಿದ್ದರೆ ಕೇಳಲಿ. ಹುಡುಗಿಗೂ ಒಂದು ಕೇಳುವುದಿದೆ. ಅಷ್ಟು ಜನರ ಮುಂದೆ ಆಡಿದ ಮಾತನ್ನು ಇಲ್ಲಿ ನಮ್ಮವರ ಮುಂದೆ ಹಿಂದೆ ತೆಗೆದುಕೊಳ್ಳುತ್ತಾನೋ? ಕೇಂದ್ರದ ಕೆಲಸದಲ್ಲಿ ಅರ್ಧ ಸುಗುಣಳದ್ದು ಅಂತ ಬಾಯಿಬಿಟ್ಟು ಹೇಳುತ್ತಾನೋ? ಹೇಳಿದರೆ ಸಂಬಂಧ ಕುದುರಬಹುದು. ಸಾಲಾವಳಿಯ ಚಿಂತೆ ಅಪ್ಪಯ್ಯನಿಗೆ ಬಿಟ್ಟದ್ದು.

ಕಮಲಕ್ಕನಿಗೆ ನಮಸ್ಕಾರ. ಮಳೆಯಲ್ಲಿ ನೆನೆಯಬೇಡಿ, ನಿಮಗೆ ಕೆಮ್ಮು ಬೇಗ ಹಿಡಿಯುತ್ತದೆ.

ನಿಮ್ಮ ಕಂಪ್ಯೂಟರಿನ ಪ್ರಕಾರ ಕುಮಾರಿ,
ಸುಗುಣ

ಮತ್ತೊಂದು ಮಾತು: ಸಿಡಿ ನನ್ನ ಹತ್ತಿರ ಇಲ್ಲ. ಇರಲೂ ಇಲ್ಲ. ನೀವು ಅಳಿಸದೆ ಉಳಿದಿದ್ದ ಇನ್ನೊಂದು ಪ್ರತಿಯನ್ನು ಬಸ್ಸಿಗೆ ಹೊರಡುವ ಮುಂಚೆ ಎರಡು ಪ್ಲಾಸ್ಟಿಕ್ ಸುತ್ತಿ ಅಡುಗೆಮನೆಯ ಕುಚ್ಚಲಕ್ಕಿ ಡಬ್ಬಿಯಲ್ಲಿ ಹುಗಿದಿದ್ದೆ. ಮಳೆಗಾಲದಲ್ಲಿ ಬೂಸಲು ಹಿಡಿಯದ ಜಾಗ ಆ ಮನೆಯಲ್ಲಿ ಅದೊಂದೇ. ನಾನಿಲ್ಲದಾಗ ಒಂದು ದಿನ ಮನೆಯಲ್ಲಿ ಅನ್ನ ಮಾಡಿಕೊಂಡಿದ್ದರೆ ನಿಮ್ಮ ಕೈಗೇ ಸಿಗುತ್ತಿತ್ತು. ಇದನ್ನು ಬರೆಯಬಾರದು, ನೀವು ಬಂದು ನನ್ನನ್ನು ಕೇಳುವವರೆಗೆ ಬಾಯಿ ಬಿಡಬಾರದು ಅಂತಿದ್ದೆ. ಆದರೆ ಹಾಗೆ ಬಂದರೆ ನೀವು ಬಂದದ್ದು ಸಿಡಿಗೋ ನನಗೋ ಅಂತ ಜನ್ಮದಲ್ಲಿ ನನಗೆ ತಿಳಿಯುವುದಿಲ್ಲ. ಈಗಲೇ ತೆಗೆಯಿರಿ, ತೆರೆದು ನೋಡಿ, ಸ್ವಾತಿಯ ಮದುವೆಯನ್ನು ಮೊದಲು ಸರಿಮಾಡಿ. ಇನ್ನು ಕಿರಿಮಂಜೇಶ್ವರದಲ್ಲಿ ನಿಮಗೆ ಬೇಕಾದ ಸಾಮಾನು ಏನೂ ಇಲ್ಲ, ನಾನೊಬ್ಬಳು ಇದ್ದೇನೆ.