ಉಮಾಳನ್ನು ಯಾದಗಿರಿಗೆ ಕರೆದೊಯ್ದ ದಿನ

ಸಂಗಮನಾಥ,

ನೀನು ನಿನ್ನ ಕೈಯಾರೆ ಜೀವ ಕಳೆದುಕೊಂಡು ಮೂರು ವರ್ಷವಾಯಿತು. ಈ ಕಾಗದ ಎಲ್ಲಿಗೂ ಹೋಗುವುದಿಲ್ಲವೆಂದು ಗೊತ್ತು. ಆದರೂ ಇವತ್ತು ನಡೆದದ್ದನ್ನು ನಿನಗೇ ಹೇಳಬೇಕು.

ದೋರನಹಳ್ಳಿಯ ಉಮಾ ನಿನ್ನ ಆಟ ನೋಡಿಯೇ ಫುಟ್‌ಬಾಲಿಗೆ ಬಂದವಳು. ಈಗ ನಿನ್ನ ಹಾಗೆಯೇ ಗೋವಾದ ಒಂದು ಕ್ಲಬ್ಬಿಗೆ ಆಡುತ್ತಾಳೆ. ಮೊಣಕಾಲಿಗೆ ಪೆಟ್ಟಾಗಿ ಊರಿಗೆ ಬಂದಿದ್ದಳು. ಬೆಳಿಗ್ಗೆ, ನಾನು ನಿಮ್ಮಿಬ್ಬರಿಗೂ ಆಟ ಕಲಿಸಿದ ಶಹಾಪುರದ ನಮ್ಮ ಮೈದಾನಕ್ಕೆ ಬಂದು ನನ್ನ ಪಕ್ಕ ಕೂತಳು.

“ಕಾಲು ಆರಾಮಾಗ್ಯಾದ್ರಿ ಸರ್. ಖರೆ, ಬೂಟು ಕಟ್ಟಾಕ ಕುಂತ್ರ ಕೈ ನಡಗ್ತಾವ. ನಿದ್ದಿ ಇಲ್ಲ. ಯಾಕರ ಇದ್ದೀನಿ ಅನಸ್ತದ್ರಿ.”

ಅಂದು ನೀನೂ ಹೀಗೇ ಬಂದು ಹೇಳಿಕೊಂಡಾಗ ನಿನಗೆ ಕೊಟ್ಟ ಉತ್ತರವೇ ನನ್ನ ಬಾಯಿಗೆ ಬಂತು: “ನಾಕು ಸುತ್ತು ಓಡು, ಎಲ್ಲಾ ಸರಿ ಹೋಗ್ತದ.” ಅದನ್ನು ನುಂಗಿಕೊಂಡೆ.

“ಎಷ್ಟು ದಿನಾ ಆತವ್ವಾ ಹಿಂಗ?” ಎಂದು ಕೇಳಿದೆ. ಅಳುತ್ತಲೇ ಎಲ್ಲ ಹೇಳಿದಳು. ಮಧ್ಯಾಹ್ನದ ಬಸ್ಸಿಗೆ ಯಾದಗಿರಿಯ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋದೆ. ಬಾಗಿಲಲ್ಲೇ ನಿಂತುಬಿಟ್ಟಳು.

“ಕ್ಲಬ್ಬಿನವರಿಗೆ ಗೊತ್ತಾದ್ರ ನನ್ನ ಕೈಬಿಡ್ತಾರ್ರಿ.”

“ಬಿಟ್ರ ಬಿಡ್ಲಿ. ನೀ ಉಳಿಬೇಕವ್ವಾ.”

ಒಂದು ತಾಸಿನ ನಂತರ ಹೊರಬಂದಳು. ಮುಖ ದಣಿದಿತ್ತು, ಆದರೆ ಮುಂದಿನ ವಾರ ಮತ್ತೆ ಬರುತ್ತೇನೆಂದು ತಾನೇ ಹೇಳಿದಳು. ಅವಳು ಗುಳಿಗೆ ತರಲು ಹೋದಾಗ ಡಾಕ್ಟರು ನನ್ನನ್ನು ಒಳಗೆ ಕರೆದರು.

“ಛಲೋ ಮಾಡಿದ್ರಿ. ಭಾಳ ಮಂದಿ ಕೋಚ್‌ಗಳಿಗೆ ಇದು ತಿಳಿಯಂಗಿಲ್ಲ. ನಿಮಗ ಹೆಂಗ ತಿಳೀತ್ರಿ?”

“ಸಂಗಮನಾಥ ಅಂತ ಒಬ್ಬ ಹುಡುಗ ಇದ್ದ ರೀ,” ಎಂದೆ. ಹೊರಡಲು ಬಾಗಿಲತ್ತ ತಿರುಗಿದೆ.

ಅವರು ಎದ್ದು ಬಾಗಿಲು ಮುಚ್ಚಿ, ನನಗೊಂದು ಕುರ್ಚಿ ಎಳೆದು ಹಾಕಿದರು.

“ಕೂಡ್ರಿ ಸರ್. ಹೇಳ್ರಿ.”

ಬಸವಂತ್ರಾಯ