ಬೂಟಿನ ಪೆಟ್ಟಿಗೆಯಲ್ಲಿ ಸಿಕ್ಕ ಪದಕ

ಪೊಂತಾರ್ಸೊ,
೧೪ ನವೆಂಬರ್ ೧೯೫೭

ಪ್ರೀತಿಯ ತಮ್ಮ ದುಯಿಲಿಯೊ,

ಹೇಗಿದ್ದೀಯ? ಕೆಮ್ಮು ಕಡಿಮೆಯಾಯಿತೇ? ಬೆಲ್ಜಿಯಂ ಗಣಿಯ ಧೂಳು ಎದೆಗೆ ಇಳಿಯುತ್ತದಂತೆ, ಹಾಲು ಕುಡಿ. ಎಲ್ಲಿಯ ಹಾಲು ಎಂದು ನಗುತ್ತೀಯ, ಗೊತ್ತು. ಅಪ್ಪನನ್ನು ಮಣ್ಣು ಮಾಡಿ ಹನ್ನೊಂದು ದಿನವಾಯಿತು. ತಂತಿ ಕಳಿಸಿದ್ದೆ, ನೀನು ಬರಲಿಲ್ಲ. ನನಗೆ ಕೋಪವಿಲ್ಲ. ನಿಜ ಹೇಳಬೇಕೆಂದರೆ ಏನೂ ಇಲ್ಲ, ಅಳುವೂ ಬಂದಿಲ್ಲ. ಬೆಳಿಗ್ಗೆ ಒಲೆ ಹಚ್ಚಿ ಎರಡು ಬಟ್ಟಲು ಕಾಫಿ ಬಗ್ಗಿಸುತ್ತೇನೆ, ಆಮೇಲೆ ಒಂದನ್ನು ವಾಪಸು ಸುರಿಯುತ್ತೇನೆ.

ನೀನು ಯಾಕೆ ಬರಲಿಲ್ಲ ಎಂದು ನನಗೆ ಗೊತ್ತು. ಕಾಯಿಲೆ ಬಿದ್ದ ಅಮ್ಮನನ್ನು ಆ ಮಂಗಳವಾರ ಮಧ್ಯಾಹ್ನ ಡೋಲಿ ಸಂಘದ ಮುಖ ಮುಚ್ಚಿದ ನಾಲ್ವರು ಕರಿ ನಿಲುವಂಗಿಯವರು ಡೋಲಿಯಲ್ಲಿ ಆಸ್ಪತ್ರೆಗೆ ಹೊತ್ತೊಯ್ದರು. ನಾನು ಅಪ್ಪನನ್ನು ಹುಡುಕಿಕೊಂಡು ಹೆಂಡದಂಗಡಿಗೆ ಓಡಿದ್ದೆ. ಪ್ರತಿ ಮಂಗಳವಾರ ಇಸ್ಪೀಟಿಗೆಂದು ಹೋಗುತ್ತಿದ್ದವನು ಅಲ್ಲಿರಲಿಲ್ಲ. ನೀನು ಹತ್ತು ವರ್ಷದವನು, "ನಮ್ಮಮ್ಮನ್ನ ಬಿಡ್ರೋ!" ಎಂದು ಕೂಗುತ್ತ ಹಿಂದಿನ ಎಡಗಡೆಯವನ ಮೊಣಕಾಲಿಗೆ ಒದ್ದೆ. ಅಮ್ಮ ಆಸ್ಪತ್ರೆಯಿಂದ ಹಿಂದಿರುಗಲಿಲ್ಲ. ಊರು ಬಿಡುವಾಗ ರೈಲಿನ ಕಿಟಕಿಯಿಂದ ನೀನು ಹೇಳಿದ್ದೂ ಅದೇ: "ಅಮ್ಮನ್ನ ಯಾರೋ ಹೊತ್ಕೊಂಡು ಹೋದ್ರು, ಆತ ಎಲ್ಲೋ ಇಸ್ಪೀಟಾಡ್ತಾ ಕೂತಿದ್ದ. ಆತ ಸತ್ರೂ ನಾನು ಬರಲ್ಲ."

ಮೊನ್ನೆ ಅವನ ಬೂಟು ಹೊಲಿಯುವ ಪೆಟ್ಟಿಗೆ ಖಾಲಿ ಮಾಡುವಾಗ ಮೇಣದ ಉಂಡೆಗಳ ಕೆಳಗೆ ಒಂದು ಪದಕ ಸಿಕ್ಕಿತು. ಕಪ್ಪಾಗಿತ್ತು. ಒಂದು ಮಗ್ಗುಲಲ್ಲಿ ಶಿಲುಬೆ, ಇನ್ನೊಂದರಲ್ಲಿ ಡೋಲಿ ಮತ್ತು ೪೧. ಜಾಯಿರಾ ಅತ್ತೆ ನೋಡಿದವಳೇ, "ನಿಮ್ಮಪ್ಪಂಗೆ ಯಾರು ಕೊಡ್ತಾರೆ ಪದಕ! ಇಸ್ಪೀಟಲ್ಲಿ ಗೆದ್ದಿರ್ಬೇಕು" ಎಂದಳು. ನನಗೂ ಹಾಗೇ ಅನ್ನಿಸಿತು. ಯಾರದೋ ಅವರಿಗೆ ಮುಟ್ಟಿಸೋಣವೆಂದು ಬೂದಿ ಹಾಕಿ ಉಜ್ಜಿ, ಡೋಲಿ ಸಂಘದ ಮುದುಕ ಗುಮಾಸ್ತ ಸೆತ್ತಿಮಿಯೊನ ಹತ್ತಿರ ಒಯ್ದೆ. "ಅಯ್ಯೋ ತಾಯಿ, ಪಾತ್ರೆ ಅಂದ್ಕೊಂಡ್ಯಾ ಇದನ್ನ?" ಎಂದು ಬೈದು, ಭೂತಗನ್ನಡಿ ಹಿಡಿದು ನೋಡಿ, ಟೋಪಿ ತೆಗೆದ. ಇಪ್ಪತ್ತೈದು ವರ್ಷ ಡೋಲಿ ಹೊತ್ತವರಿಗೆ ಕೊಡುವ ಪದಕವಂತೆ. ನಲವತ್ತೊಂದು ಅಪ್ಪನ ಸಂಖ್ಯೆ, ಮಂಗಳವಾರ ಅವನ ಸರದಿ. ಮುಸುಕಿನ ಒಳಗೆ ಯಾರಿದ್ದಾರೆಂದು ಬದುಕಿರುವ ತನಕ ಹೆಂಡತಿ ಮಕ್ಕಳಿಗೂ ಹೇಳಬಾರದು, ಅದು ಅವರ ಕಟ್ಟಳೆ. "ಇಸ್ಪೀಟಾ? ಅವನಿಗೆ ಎಲೆ ಕಲೆಸೋಕೂ ಬರ್ತಿರ್ಲಿಲ್ಲ" ಎಂದ ಸೆತ್ತಿಮಿಯೊ. ನನಗೆ ಆಗಲೂ ಏನೂ ಅನ್ನಿಸಲಿಲ್ಲ. ಮನೆಗೆ ಬಂದು ಹುರುಳಿಕಾಯಿ ಬಿಡಿಸಿದೆ.

ಮೂವತ್ತನೇ ದಿನದ ಪೂಜೆ ಡಿಸೆಂಬರ್ ಮೂರಕ್ಕೆ. ಅತ್ತೆ ಆಶೀರ್ವಾದ ತಿಳಿಸಿದ್ದಾಳೆ. ಎದೆ ಬೆಚ್ಚಗಿಟ್ಟುಕೋ. ದೇವರು ನಿನ್ನನ್ನು ಗಣಿಯಿಂದ ದಿನವೂ ಮೇಲಕ್ಕೆ ತರಲಿ.

ನಿನ್ನ ಅಕ್ಕ,
ಇಸೊಲಿನಾ

ತಾ.ಕ.: ಅಂಚೆಯವನು ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಇವತ್ತು ಬೆಳಿಗ್ಗೆ ಮತ್ತೆ ಸೆತ್ತಿಮಿಯೊನ ಹತ್ತಿರ ಹೋಗಿ, ಸಂಘದ ದಫ್ತರದಲ್ಲಿ ಅಮ್ಮನನ್ನು ಒಯ್ದ ದಿನದ ಪುಟ ತೆಗೆಸಿದೆ. ಹೊತ್ತವರ ನಾಲ್ಕು ಸಂಖ್ಯೆಗಳಿವೆ. ಹಿಂದೆ, ಎಡಕ್ಕೆ: ೪೧. ಅವತ್ತು ನೀನು ಒದ್ದದ್ದು ಅಪ್ಪನನ್ನು. ಡೋಲಿ ಅಲುಗಲಿಲ್ಲ, ನಿನಗೆ ನೆನಪಿದೆಯಾ? ಪದಕವನ್ನು ಅಂಚೆಗೆ ಹಾಕುವುದಿಲ್ಲ. ಬಂದು ತೆಗೆದುಕೋ.