ನೀವು ಹೊಡೆದುಹಾಕಿದ ದೃಶ್ಯ, ಭೀಮಬಾಯಿ ಕಳೆದುಕೊಂಡ ಕೆಲಸ

ವಲಯದ ಕಸ ವಿಲೇವಾರಿಯ ಹೊಣೆ ಹೊತ್ತ ಮಾನ್ಯ ಅಧಿಕಾರಿಗಳೇ,

ಜೋಗುಪಾಳ್ಯದಲ್ಲಿ ಹನ್ನೊಂದು ವರ್ಷದಿಂದ ಮನೆಮನೆಯ ಕಸ ಎತ್ತುತ್ತಿದ್ದ ಭೀಮಬಾಯಿಯವರನ್ನು ಕೆಲಸದಿಂದ ತೆಗೆದದ್ದು ನೀವು. ಅದಕ್ಕೆ ನೆಪ ಒದಗಿಸಿಕೊಟ್ಟವಳು ನಾನು. ಕೆಂಪು ಮೂಗು ಅಂಟಿಸಿಕೊಂಡು, ಸೊಂಟದಲ್ಲಿ ನಿಲ್ಲದ ಚಡ್ಡಿ ತೊಟ್ಟು, ನಿಮ್ಮ ಬ್ಯಾನರಿನ ಕೆಳಗೆ ಕುಣಿದ ಕೋಡಂಗಿ ನಾನೇ. ಆದ್ದರಿಂದ ಇದನ್ನು ವಿನಮ್ರ ಮನವಿ ಎಂದುಕೊಂಡು ಕಡತದಲ್ಲಿ ಮಲಗಿಸಬೇಡಿ.

ನಡೆದದ್ದನ್ನು ನೆನಪಿಸುತ್ತೇನೆ, ನಿಮಗೆ ಮರೆವು ಜಾಸ್ತಿ. ವಾರವಿಡೀ ಆಫೀಸಿನಲ್ಲಿ ದುಡಿದು ಭಾನುವಾರ ಕೋಡಂಗಿ ನಾಟಕ ಆಡುವವರು ನಾನು ಮತ್ತು ಗೆಳೆಯ ಗುರುಕಿರಣ. ಅಪ್ಪ, ಅಮ್ಮ, ಮಕ್ಕಳು ಒಟ್ಟಿಗೆ ಕೂತು ನಗಲಿ, ಮನೆಗೆ ಹೋಗಿ ಹಸಿ ಕಸ, ಒಣ ಕಸ ಬೇರೆ ಮಾಡಲಿ ಎಂದು ಒಂದು ನಾಟಕ ಕಟ್ಟಿದ್ದೆವು. ಅದರಲ್ಲೊಂದು ದೃಶ್ಯವಿತ್ತು. ಮನೆಯವರು ಅಚ್ಚುಕಟ್ಟಾಗಿ ಎರಡು ಡಬ್ಬ ಹಿಡಿದು ಬೀದಿಗೆ ಬರುತ್ತಾರೆ. ದೊಗಲೆ ಕೋಟಿನ ಸಾಹೇಬ ಎರಡನ್ನೂ ಒಂದೇ ಗಾಡಿಗೆ ಸುರಿಸಿ, ತನಗೆ ತಾನೇ ಹಾರ ಹಾಕಿಕೊಳ್ಳುತ್ತಾನೆ. ಜೋಗುಪಾಳ್ಯದ ಪಾರ್ಕಿನ ಅನುಮತಿಗೆಂದು ನಾಟಕದ ಬರಹ ತಂದುಕೊಟ್ಟಾಗ ನೀವು ಆ ಪುಟಕ್ಕೆ ಕೆಂಪು ಶಾಯಿಯಲ್ಲಿ ಗೀಟು ಎಳೆದಿರಿ.

“ನೆಗೆಟಿವ್ ಬೇಡಮ್ಮ, ಮಕ್ಕಳ್ ಪ್ರೋಗ್ರಾಮ್ ಅಲ್ವಾ? ಕಸ ಮಿಕ್ಸ್ ಮಾಡೋರ್ನ ಮಕ್ಕಳೇ ಹಿಡೀಲಿ. ಎಲ್ಲಾರ್ಗೂ ಒಂದೊಂದ್ ಪೀಪಿ ಕೊಟ್ಬಿಡಿ” ಎಂದಿರಿ. ನಾನು ತಲೆಯಾಡಿಸಿದೆ. ಪಾರ್ಕು ಸಿಗುತ್ತದಲ್ಲ ಎಂಬ ಆಸೆಗೆ ತಲೆಯಾಡಿಸಿದೆ. ಅದಕ್ಕೆ ನನಗೆ ಇವತ್ತಿಗೂ ನಾಚಿಕೆಯಾಗುತ್ತದೆ.

ಆ ಭಾನುವಾರ ಮುಂದಿನ ಸಾಲಿನ ಸೋಫಾದಲ್ಲಿ ಕೂತು, ನೀರು ಕುಡಿದ ಪ್ಲಾಸ್ಟಿಕ್ ಬಾಟಲಿಯನ್ನು ಸೋಫಾದಡಿಗೆ ತಳ್ಳಿ, ನೀವೂ ಚಪ್ಪಾಳೆ ತಟ್ಟಿದಿರಿ. ಮಕ್ಕಳಿಗೆಲ್ಲ ಪೀಪಿ ಹಂಚಿ, ಕಸ ಬೆರೆಸಿದವರು ಕಂಡರೆ ಊದಿ ಎಂದು ನಾನು ಕೂಗಿದೆ. ಮಕ್ಕಳು ನಂಬಿದರು. ಮಕ್ಕಳಿಗೆ ನಿಮ್ಮ ಕಚೇರಿ ಗೊತ್ತಿಲ್ಲವಲ್ಲ!

ಮಂಗಳವಾರ ಬೆಳಿಗ್ಗೆ ಟೈಲರ್ ಪರ್ವೀನ್ ಅವರ ಎಂಟು ವರ್ಷದ ಮಗಳು ಮಾಹಿರಾ ಎರಡು ಡಬ್ಬ ಹಿಡಿದು ಗಾಡಿಯ ಬಳಿ ನಿಂತಳು. ಭೀಮಬಾಯಿ ಎರಡನ್ನೂ ಒಂದೇ ಕಡೆ ಸುರಿದರು. ಹುಡುಗಿ ಪೀಪಿ ಊದಿದಳು. ಬೀದಿಯ ಮಕ್ಕಳೆಲ್ಲ ಓಡಿಬಂದು, ಗಾಡಿಯನ್ನು ಸುತ್ತುವರಿದು ಊದಿದರು. ಯಾರೋ ಪುಣ್ಯಾತ್ಮರು ವಿಡಿಯೊ ಹರಿಬಿಟ್ಟರು. ಚರಂಡಿ ಕಟ್ಟಿಕೊಂಡಿದೆ ಎಂದರೆ ತಿಂಗಳುಗಟ್ಟಲೆ ಏಳದ ನಿಮ್ಮ ಕಚೇರಿ ಮರುದಿನವೇ ಎದ್ದು ಕೂತಿತು. ಕರ್ತವ್ಯಲೋಪವಂತೆ! ಒಂದು ನೋಟಿಸಿಲ್ಲ, ಒಂದು ವಿಚಾರಣೆಯಿಲ್ಲ.

ಕ್ಷಮೆ ಕೇಳಲು ನಾನು ಭೀಮಬಾಯಿಯವರ ಮನೆಗೆ ಹೋದೆ. ನಮ್ಮ ಕಡೆಯವರೇ, ವಿಜಯಪುರದವರು. ನನಗೇ ಚಹಾ ಕೊಟ್ಟು ಸಮಾಧಾನ ಮಾಡಿದರು.

“ಹುಡುಗೂರ್ದೇನ್ ತಪ್ಪಿಲ್ಲ ಬಿಡವ್ವ. ಒಣಾ ಕಸಕ್ಕಂತ ನಾನಽ ಗಾಡಿಗೆ ಚೀಲ ಕಟ್ಟಿದ್ದೆ. ತಡ ಆಕ್ಕೈತಿ, ಬಿಚ್ಚು ಅಂತ ಸೂಪರ್‌ವೈಜರ್ ಬಿಚ್ಚಿಸಿದ. ಇರೂದೊಂದು ಗಾಡಿ, ಬ್ಯಾರೆ ಎಲ್ಲಿ ಹಾಕ್ಲಿ? ಆದ್ರ ಆ ಕೂಸು ಊದಿದಾಗ ಮಾತ್ರ ಭಾಳ ನಾಚಿಕಿ ಆತು ನೋಡು” ಎಂದರು.

ಒಣ ಕಸದ ಗಾಡಿ ಆ ಬೀದಿಗೆ ಬಂದು ಎಷ್ಟು ದಿನವಾಯಿತು ಸ್ವಾಮಿ? ಯುಗಾದಿಯಿಂದ ಬಂದಿಲ್ಲ ಎಂದು ಇಡೀ ಬೀದಿ ಹೇಳುತ್ತಿದೆ. ಜನ ಬೇರೆ ಮಾಡಿ ಕೊಟ್ಟದ್ದನ್ನು ಬೆರೆಸುತ್ತಿರುವವರು ಯಾರು? ಚೀಲ ಕಟ್ಟಿದ ಕೈಯೋ, ಚೀಲ ಬಿಚ್ಚಿಸಿದ ಬಾಯೋ? ಹೊಡೆದುಹಾಕಿದ ಆ ದೃಶ್ಯ ನಮಗಿಂತ ಚೆನ್ನಾಗಿ ಅರ್ಥವಾಗಿದ್ದು ನಿಮಗೇ. ಇಲ್ಲದಿದ್ದರೆ ಗೀಟು ಅಷ್ಟು ದಪ್ಪ ಬೀಳುತ್ತಿರಲಿಲ್ಲ.

ಪರ್ವೀನ್ ಮೊನ್ನೆ ನನ್ನನ್ನು ತಡೆದು ನಿಲ್ಲಿಸಿದರು. “ಮೇಡಮ್, ನೀವು ನಗ್ಸೋಕಂತ ಬಂದ್ರಿ. ಈಗ ಕಸದ್ ಗಾಡಿ ಸೌಂಡ್ ಕೇಳಿದ್ರೆ ಸಾಕು, ನನ್ ಮಗಳು ಮಂಚದ್ ಕೆಳಗೆ ಹೋಗಿ ಕೂತ್ಕೋತಾಳೆ. ನಾನ್ ಊದಿದ್ದಕ್ಕೇ ಅಜ್ಜಿ ಕೆಲ್ಸ ಹೋಯ್ತಾ ಅಮ್ಮೀ ಅಂತಾಳೆ. ಏನ್ ಹೇಳ್ಲಿ?” ಉತ್ತರ ಕೊಡಬೇಕಾದವರು ನೀವು. ನೀವೋ, ನಮಗೆ ಪ್ರಶಂಸಾಪತ್ರ ಕಳಿಸಿ, ಮುಂದಿನ ತಿಂಗಳು ಇನ್ನೊಂದು ಪಾರ್ಕಿನಲ್ಲಿ ಇದೇ ನಾಟಕ ಆಡಿ ಎಂದಿದ್ದೀರಿ. ಪೀಪಿ ಮರೆಯಬೇಡಿ ಎಂದು ಬೇರೆ ಸೂಚನೆ!

ಪ್ರಶಂಸಾಪತ್ರವನ್ನು ಇದರೊಂದಿಗೆ ಹಿಂದಿರುಗಿಸಿದ್ದೇನೆ. ಭೀಮಬಾಯಿಯವರನ್ನು ಅದೇ ಬೀದಿಯ ಕೆಲಸಕ್ಕೆ ವಾಪಸ್ ತೆಗೆದುಕೊಳ್ಳಿ. ಒಣ ಕಸದ ಗಾಡಿ ಕಳಿಸಿ. ನೀವೇ ಬಂದು ಮಾಹಿರಾಳಿಗೆ ತಪ್ಪು ಅವಳದಲ್ಲ ಎಂದು ಹೇಳಿ. ಮುಂದಿನ ಶನಿವಾರದೊಳಗೆ ಇದಾಗದಿದ್ದರೆ, ಸೋಮವಾರ ನೀವು ಕಾರಿನಿಂದ ಇಳಿಯುವ ಹೊತ್ತಿಗೆ ನಿಮ್ಮ ಕಚೇರಿಯ ಮೆಟ್ಟಿಲ ಮೇಲೆ ಆ ದೃಶ್ಯ ಆಡುತ್ತೇವೆ. ದೊಗಲೆ ಕೋಟು ಸಿದ್ಧವಿದೆ. ನೋಡಲು ಜೋಗುಪಾಳ್ಯದ ಮಕ್ಕಳು ಬರುತ್ತಾರೆ. ಅವರಿಗೆ ಕೊಟ್ಟ ಪೀಪಿಗಳನ್ನು ನಾವು ವಾಪಸ್ ಕೇಳಿಲ್ಲ.

ಇಂತಿ,
ಅಂದು ನಿಮ್ಮೆದುರು ತಲೆಯಾಡಿಸಿದ ತಪ್ಪಿಗೆ ಇಂದು ಒಂದು ಮಗುವಿನೆದುರು ತಲೆ ತಗ್ಗಿಸಿ ನಿಂತಿರುವ ಕೋಡಂಗಿ,
ರುದ್ರಾಣಿ
ರಾಮಮೂರ್ತಿ ನಗರ